ಸಂಕ್ರಾಂತಿಯ ದಿನ ಕೋಟು ಹಾಕಿಕೊಂಡ ಚಿಕ್ಕಪ್ಪ

2025ರ ಸಂಕ್ರಾಂತಿಯ ಬೆಳಿಗ್ಗೆ. ಊರಿನ ಮನೆಯಲ್ಲಿ ಎಲ್ಲರ ಕೈಗೂ ಒಂದೊಂದು ಕೆಲಸ. ಚಿಕ್ಕಮ್ಮ ಸಿಹಿ ಪೊಂಗಲ್‌ಗೆ ಬೆಲ್ಲ ಕರಗಿಸಲು ಇಟ್ಟಿದ್ದರು. ಹಿತ್ತಲಲ್ಲಿ ದನಗಳ ಮೈ ತೊಳೆಯುವ ಸದ್ದು. ನಾನು ಜಗಲಿಯ ಮೇಲೆ ಹಳೇ ಪೇಪರ್ ಹಾಸಿಕೊಂಡು ಎಳ್ಳು, ಕೊಬ್ಬರಿ, ಕಡಲೆಬೀಜ, ಹುರಿಗಡಲೆ, ಬೆಲ್ಲದ ಚೂರು ಎಲ್ಲ ಕಲೆಸಿ ಪೊಟ್ಟಣ ಕಟ್ಟುತ್ತಿದ್ದೆ. ಆಗ ಚಿಕ್ಕಪ್ಪ ಒಳಗಿನಿಂದ ಬಂದರು. ಕಡುನೀಲಿ ಕೋಟು, ಕುತ್ತಿಗೆಗೆ ಟೈ, ಇಸ್ತ್ರಿ ಮಾಡಿದ ಬೂದು ಪ್ಯಾಂಟು, ಹೊಳೆಯುವ ಕಪ್ಪು ಶೂ, ಎಡಗಡೆ ಎದೆಯ ಮೇಲೆ ಸಾಲಾಗಿ ನಾಲ್ಕು ಪದಕ. ಹಬ್ಬದ ದಿನ ಪಂಚೆ ಉಟ್ಟು ಹೆಗಲಿಗೆ ಟವೆಲ್ ಹಾಕಿಕೊಂಡು ದನಗಳ ಕೊಂಬಿಗೆ ಬಣ್ಣ ಹಚ್ಚಬೇಕಾದ ಮನುಷ್ಯ! ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ, "ಧನುರ್ಮಾಸ ಈಗ್ತಾನೆ ಮುಗೀತೈತೆ, ಅಷ್ಟ್ರಲ್ಲೇ ಯಾರ ಮನೆ ಮದ್ವೆನೋ?" ಅಂದರು. ನಾನು ನಕ್ಕೆ. ಚಿಕ್ಕಪ್ಪನೂ ಸ್ವಲ್ಪ ನಕ್ಕರು. "ಹಾಸನದಲ್ಲಿ ನಮ್ಮೋರ್ದು ಒಂದು ಕಾರ್ಯಕ್ರಮ ಐತೆ. ಮಧ್ಯಾಹ್ನಕ್ಕೆ ಬಂದ್ಬಿಡ್ತೀನಿ" ಅಂತ ಹೇಳಿ, ಚಿಕ್ಕಮ್ಮ ಕೊಟ್ಟ ಕಾಫಿ ನಿಂತೇ ಕುಡಿದು, ಬಸ್ಸಿಗೆ ಹೊರಟರು.

"ನಮ್ಮೋರು" ಅಂದರೆ ನಾನು ನೆಂಟರು ಅಂದುಕೊಂಡೆ. ಯಾವ ನೆಂಟರು ಅಂತ ಚಿಕ್ಕಮ್ಮನನ್ನು ಕೇಳಿದರೆ, "ನೆಂಟ್ರಲ್ಲ ಕಣೆ, ಮಿಲ್ಟ್ರಿಯೋರು. ವರ್ಷಾ ಹೋಗ್ತಾರೆ" ಅಂದರು. ವರ್ಷಾ ಹೋಗುತ್ತಾರೆ. ನನಗೆ ಇದು ಗೊತ್ತೇ ಇರಲಿಲ್ಲ. ಆಮೇಲೆ ಫೋನ್ ತೆಗೆದು ನೋಡಿದಾಗ ತಿಳಿಯಿತು. ಜನವರಿ 14 ನಮ್ಮ ದೇಶದಲ್ಲಿ ಮಾಜಿ ಸೈನಿಕರ ದಿನ. 2016ರಿಂದ ಪ್ರತಿ ವರ್ಷ ನಡೆಯುತ್ತಿದೆ. ಆ ದಿನಕ್ಕಾಗಿ ಒಬ್ಬ ಮನುಷ್ಯ ಹಿಂದಿನ ರಾತ್ರಿ ಕೂತು ಶೂಗೆ ಪಾಲಿಶ್ ಹಾಕಿದ್ದಾನೆ, ಅದೇ ಮನೆಯಲ್ಲಿದ್ದ ನಾವು ಯಾರ ಮದುವೆ ಅಂತ ಕೇಳಿ ಕಳಿಸಿದ್ದೇವೆ. ಆ ಪ್ರಶ್ನೆ ಒಂದು ವರ್ಷದಿಂದ ನನ್ನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಕೂತಿದೆ.

ಐವತ್ತಾರು ಎಪಿಒ ಎಂಬ ಊರು

ನಾನು ಚಿಕ್ಕವಳಿದ್ದಾಗ ಚಿಕ್ಕಪ್ಪ ಅಂದರೆ ಒಂದು ನೀಲಿ ಅಂತರ್ದೇಶೀ ಪತ್ರ. ವಿಳಾಸದ ಕೊನೆಯಲ್ಲಿ "ಕೇರಾಫ್ 56 ಎಪಿಒ" ಅಂತ ಇರುತ್ತಿತ್ತು. ನಾನು ಅದನ್ನು ಒಂದು ಊರಿನ ಹೆಸರು ಅಂದುಕೊಂಡಿದ್ದೆ. ಕೆಲವು ವರ್ಷ ಆದ ಮೇಲೆ ಅದು 99 ಎಪಿಒ ಆಯಿತು. ಚಿಕ್ಕಪ್ಪ ಊರು ಬದಲಾಯಿಸಿದರು ಅಂತ ಸ್ಕೂಲಿನಲ್ಲಿ ಎಲ್ಲರಿಗೂ ಹೇಳಿದ್ದೆ. ಅದು ಸೇನೆಯ ಅಂಚೆ ಕಚೇರಿ, ಸೈನಿಕ ಇರುವ ಜಾಗ ಯಾರಿಗೂ ಗೊತ್ತಾಗಬಾರದು ಅಂತ ಹಾಗೆ ಬರೆಯುವುದು ಅಂತ ತಿಳಿದದ್ದು ಎಷ್ಟೋ ದಿನಗಳಾದ ಮೇಲೆ. ಇಡೀ ಒಂದು ಮನೆಗೆ ತನ್ನ ಮಗ ಎಲ್ಲಿದ್ದಾನೆ ಅಂತ ಗೊತ್ತಿಲ್ಲದೆ 17 ವರ್ಷ ಕಳೆದಿದೆ. ಪತ್ರದ ಒಳಗೆ ಏನಿರುತ್ತಿತ್ತು ಅಂದರೆ ನಾನು ಕ್ಷೇಮ, ಅಲ್ಲಿ ಮಳೆ ಹೇಗೆ, ಹಸು ಕರು ಹಾಕಿತಾ, ಇಷ್ಟೇ.

ಅವರು 1985ರಲ್ಲಿ ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪ್‌ಗೆ ಸೇರಿದರು. ಎಂಇಜಿ ಅಂತ ಎಲ್ಲರೂ ಕರೆಯುವುದು. ಅಲ್ಲಿನ ಸೈನಿಕರಿಗೆ ಸ್ಯಾಪರ್ ಅಂತ ಹೆಸರು. ಸೇತುವೆ ಕಟ್ಟುವುದು, ದಾರಿ ಮಾಡುವುದು, ನೆಲಬಾಂಬ್ ಹೂಳುವುದು, ಹೂತದ್ದನ್ನು ತೆಗೆಯುವುದು, ಇದು ಅವರ ಕೆಲಸ. ಸೇನೆಯಲ್ಲಿ ಬೇರೆಯವರು ಇವರನ್ನು ಪ್ರೀತಿಯಿಂದ "ತಂಬಿ" ಅನ್ನುತ್ತಾರೆ. ತಮಿಳರು, ತೆಲುಗರು, ಮಲಯಾಳಿಗಳು, ನಮ್ಮವರು ಎಲ್ಲ ಸೇರಿದ ದಂಡು ಅದು. ಚಿಕ್ಕಪ್ಪನಿಗೆ ಇವತ್ತಿಗೂ ಐದು ಭಾಷೆ ಬರುತ್ತದೆ.

2003ರಲ್ಲಿ ಅವರು ಕಪ್ಪು ಟ್ರಂಕಿನ ಜೊತೆ ವಾಪಸ್ ಬಂದರು. ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಅವರ ನಂಬರು, ಹುದ್ದೆ, ಹೆಸರು. ವಯಸ್ಸು 37. ಉಳಿದವರು ಜೀವನದಲ್ಲಿ ಒಂದು ನೆಲೆಗೆ ಬರುವ ವಯಸ್ಸಿನಲ್ಲಿ ಇವರು "ಮಾಜಿ" ಆದರು. ಊರಿನ ಜನ ಕೇಳಿದ ಮೊದಲ ಪ್ರಶ್ನೆ, "ಕಾರ್ಗಿಲ್‌ನಲ್ಲಿ ಇದ್ರಾ?" ಇರಲಿಲ್ಲ. 1999ರ ಆ ಬೇಸಿಗೆಯಲ್ಲಿ ಅವರು ಅರುಣಾಚಲದಲ್ಲಿ ಒಂದು ಹೊಳೆಗೆ ಕಬ್ಬಿಣದ ಸೇತುವೆ ಜೋಡಿಸುತ್ತಿದ್ದರು. "ಇಲ್ಲ" ಅಂತ ಹೇಳಿದ ತಕ್ಷಣ ಕೇಳಿದವರ ಮುಖದಲ್ಲಿ ಆಸಕ್ತಿ ಕಡಿಮೆ ಆಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಗುಂಡು ಹೊಡೆದಿಲ್ಲ, ಗುಂಡು ತಿಂದಿಲ್ಲ ಅಂದ ಮೇಲೆ ಇನ್ನೇನು ಮಾಡಿದರು ಅಂತ ಯಾರೂ ಮುಂದೆ ಕೇಳಲಿಲ್ಲ. ನಾನೂ ಕೇಳಲಿಲ್ಲ. ಆಮೇಲೆ ಹತ್ತಾರು ವರ್ಷ ಅವರು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸ ಮಾಡಿದರು. ಅಲ್ಲಿ ಕಾರು ಬಂದಾಗಲೆಲ್ಲ ಸೆಲ್ಯೂಟ್ ಹೊಡೆಯಬೇಕಿತ್ತಂತೆ. ಆ ಭಾಗವನ್ನು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ, ಹೆಚ್ಚು ಬರೆಯಲಾರೆ.

ಯಾಕೆ ಜನವರಿ 14

ಈ ದಿನ ಹೇಗೆ ಗೊತ್ತಾಯಿತು ಅಂತ ಹುಡುಕುತ್ತಾ ಹೋದರೆ ಅದು ನಮ್ಮ ಪಕ್ಕದ ಸೀಮೆಗೇ ಬಂದು ನಿಲ್ಲುತ್ತದೆ. ನಮ್ಮ ಅರಕಲಗೂಡು ಸೀಮೆ ದಾಟಿದರೆ ಕೊಡಗಿನ ಶನಿವಾರಸಂತೆ. ಕೋದಂಡೇರ ಮಾದಪ್ಪ ಕಾರ್ಯಪ್ಪ ಹುಟ್ಟಿದ್ದು ಅಲ್ಲಿ, 1899ರ ಜನವರಿ 28ರಂದು. 1949ರ ಜನವರಿ 15ರಂದು ಬ್ರಿಟಿಷ್ ಜನರಲ್ ರಾಯ್ ಬುಚರ್ ಅವರಿಂದ ಅಧಿಕಾರ ತೆಗೆದುಕೊಂಡು ಭಾರತದ ಸೇನೆಗೆ ಮೊದಲ ಭಾರತೀಯ ಮುಖ್ಯಸ್ಥರಾದರು. ಆ ದಿನವನ್ನು ಸೇನಾ ದಿನ ಅಂತ ಮಾಡುತ್ತೇವೆ, ಇದು ಎಲ್ಲರಿಗೂ ಗೊತ್ತು. ಸರಿಯಾಗಿ ನಾಲ್ಕು ವರ್ಷ ಆದ ಮೇಲೆ, 1953ರ ಜನವರಿ 14ರಂದು, ಅವರು ನಿವೃತ್ತರಾದರು. ಆ ನಿವೃತ್ತಿಯ ದಿನವೇ ಮಾಜಿ ಸೈನಿಕರ ದಿನ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು. ಸೇನೆಗೆ ಸಂಬಂಧಪಟ್ಟ ನಮ್ಮ ಬೇರೆ ದಿನಗಳನ್ನು ನೋಡಿ. ಜುಲೈ 26 ಕಾರ್ಗಿಲ್ ಗೆಲುವಿನ ದಿನ. ಡಿಸೆಂಬರ್ 16, 1971ರ ಗೆಲುವಿನ ದಿನ. ಡಿಸೆಂಬರ್ 7ರ ಧ್ವಜ ದಿನ 1949ರಿಂದ ಇದೆ, ಸ್ಕೂಲಿನಲ್ಲಿ ಕಾಸು ಕೊಟ್ಟು ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಚಿಕ್ಕ ಬಾವುಟ ಅಂಗಿಗೆ ಚುಚ್ಚಿಕೊಳ್ಳುತ್ತಿದ್ದೆವಲ್ಲ, ಅದು ಹಣ ಸೇರಿಸುವ ದಿನ. ಜನವರಿ 14 ಇವು ಯಾವುದರ ಹಾಗೂ ಅಲ್ಲ. ಅವತ್ತು ಯಾವ ಯುದ್ಧವನ್ನೂ ಗೆದ್ದಿಲ್ಲ, ಯಾರೂ ಸತ್ತಿಲ್ಲ. ಒಬ್ಬ ಮನುಷ್ಯ ಕೆಲಸ ಮುಗಿಸಿ ಸಮವಸ್ತ್ರ ಬಿಚ್ಚಿಟ್ಟಿದ್ದಾನೆ, ಅಷ್ಟೇ. ದಿನವನ್ನು ಆರಿಸಿದವರು ಇಷ್ಟೆಲ್ಲ ಯೋಚನೆ ಮಾಡಿದ್ದರೋ ಏನೋ, ನನಗಂತೂ ಅದು ತುಂಬ ಸರಿಯಾದ ಆಯ್ಕೆ ಅನ್ನಿಸುತ್ತದೆ. ಯಾಕೆಂದರೆ ನಮ್ಮ ಚಿಕ್ಕಪ್ಪನಂಥ ಸಾವಿರಾರು ಜನರ ಬದುಕಿನಲ್ಲೂ ಇಂಥದ್ದೇ ಒಂದು ದಿನ ಇರುತ್ತದೆ. ಗೆಲುವಿನ ದಿನ ಎಲ್ಲರಿಗೂ ಸಿಗುವುದಿಲ್ಲ. ಟ್ರಂಕಿಗೆ ಬೀಗ ಹಾಕಿ ರೈಲು ಹತ್ತುವ ದಿನ ಎಲ್ಲರಿಗೂ ಬರುತ್ತದೆ. ವರ್ಷಕ್ಕೆ ಸುಮಾರು 60,000 ಜನ ಹೀಗೆ ಮೂರೂ ಪಡೆಗಳಿಂದ ಹೊರಬರುತ್ತಾರೆ.

ಕಾರ್ಯಪ್ಪನವರ ಬದುಕನ್ನೇ ಲೆಕ್ಕ ಹಾಕಿ ನೋಡಿ. 1919ರಲ್ಲಿ ಅಧಿಕಾರಿಯಾದರು, 1953ರಲ್ಲಿ ಬಿಟ್ಟರು. 34 ವರ್ಷ. ತೀರಿಕೊಂಡದ್ದು 1993ರ ಮೇ 15ರಂದು, ಬೆಂಗಳೂರಿನಲ್ಲಿ. ಅಂದರೆ ಸೈನಿಕರಾಗಿ ಇದ್ದದ್ದಕ್ಕಿಂತ ನಿವೃತ್ತರಾಗಿ ಇದ್ದದ್ದೇ ಜಾಸ್ತಿ, 40 ವರ್ಷ. ಮೊದಲ ಮೂರು ವರ್ಷ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿಗೆ ಹೈಕಮಿಷನರ್ ಆಗಿದ್ದರು. ಆಮೇಲೆ ಮಡಿಕೇರಿಯ ರೋಶನಾರಾ ಮನೆ. 1964ರಲ್ಲಿ ಮಾಜಿ ಸೈನಿಕರಿಗಾಗಿ ದೇಶದ ಮಟ್ಟದ ಒಂದು ಸಂಘ ಕಟ್ಟಿದರು, ಇಂಡಿಯನ್ ಎಕ್ಸ್ ಸರ್ವಿಸಸ್ ಲೀಗ್ ಅಂತ. 1965ರ ಯುದ್ಧದಲ್ಲಿ ವಾಯುಪಡೆಯಲ್ಲಿದ್ದ ಅವರ ಮಗ ಪಾಕಿಸ್ತಾನಕ್ಕೆ ಸೆರೆ ಸಿಕ್ಕಾಗ, ಹಿಂದೆ ಇವರ ಕೈಕೆಳಗೆ ಇದ್ದ, ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ಬಿಡುತ್ತೇನೆ ಅಂದರೂ ಬೇಡ ಅಂದರು, ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ ಅಂದರು ಅನ್ನುವ ಕತೆ ಕೊಡಗಿನಲ್ಲಿ ಮಕ್ಕಳಿಗೂ ಗೊತ್ತು. ಆ ಹೊತ್ತಿಗೆ ಅವರು ಸಮವಸ್ತ್ರ ಬಿಟ್ಟು 12 ವರ್ಷ ಆಗಿತ್ತು ಅನ್ನುವುದನ್ನು ನಾನು ಈಗಷ್ಟೇ ಗಮನಿಸಿದೆ. ಆ ಮಾತು ಆಡಿದ್ದು ಒಬ್ಬ ಮಾಜಿ ಸೈನಿಕ.

ಇನ್ನೂ ಒಂದು ಇದೆ. 1986ರಲ್ಲಿ ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟರು. ಫೀಲ್ಡ್ ಮಾರ್ಷಲ್ ಆದವರಿಗೆ ನಿವೃತ್ತಿ ಅನ್ನುವುದೇ ಇಲ್ಲ, ಕೊನೆ ಉಸಿರಿನ ತನಕ ಸೇನೆಯ ಪಟ್ಟಿಯಲ್ಲೇ ಇರುತ್ತಾರೆ. ಹಾಗಾಗಿ ಯಾರ ನಿವೃತ್ತಿಯ ದಿನವನ್ನು ನಾವು ಹಿಡಿದುಕೊಂಡಿದ್ದೇವೋ ಅವರನ್ನು 33 ವರ್ಷ ಕಳೆದ ಮೇಲೆ, 87ನೇ ವಯಸ್ಸಿನಲ್ಲಿ, ಸೇನೆ ವಾಪಸ್ ಕರೆದುಕೊಂಡಿತು. ಇದನ್ನು ಚಿಕ್ಕಪ್ಪನಿಗೆ ಹೇಳಿದೆ. ಅವರಿಗೆ ಮೊದಲೇ ಗೊತ್ತಿತ್ತು. "ನಾವೂ ಹಂಗೇ ಅಂದ್ಕೊಂಡಿರ್ತೀವಿ ಕಣವ್ವ. ಕಾಗದ ಒಂದು ಬರಲ್ಲ ಅಷ್ಟೆ" ಅಂದರು.

ಎರಡು ನವೆಂಬರ್

ಬೇರೆ ಹಲವು ದೇಶಗಳಲ್ಲಿ ಇಂಥ ದಿನ ನವೆಂಬರ್ 11. ಮೊದಲ ಮಹಾಯುದ್ಧದ ಕದನವಿರಾಮ 1918ರ ಆ ದಿನ ಬೆಳಿಗ್ಗೆ 11 ಗಂಟೆಗೆ ಜಾರಿಗೆ ಬಂತು. ಆ ಯುದ್ಧಕ್ಕೆ ಭಾರತದಿಂದ ಸುಮಾರು 13 ಲಕ್ಷ ಜನ ಹೋಗಿದ್ದರು, ಸುಮಾರು 74,000 ಜನ ಸತ್ತರು. ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ದಳ ಈಗ ಇಸ್ರೇಲಿನಲ್ಲಿರುವ ಹೈಫಾ ಊರನ್ನು ಗೆದ್ದದ್ದು ಕದನವಿರಾಮಕ್ಕೆ ಎರಡು ತಿಂಗಳೂ ಇಲ್ಲದಾಗ, ಸೆಪ್ಟೆಂಬರ್ 23ರಂದು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ಕೆತ್ತಿರುವುದು ಸತ್ತವರ ಹೆಸರು. ದೆಹಲಿಯ ಇಂಡಿಯಾ ಗೇಟಿನಲ್ಲೂ ಅಷ್ಟೇ. ಉಳಿದು ಬಂದ ಲಕ್ಷ ಲಕ್ಷ ಜನ ಊರೂರಿಗೆ ಹೋಗಿ ಮತ್ತೆ ಹೊಲ ಉತ್ತರು. ಅವರ ಹೆಸರು ಎಲ್ಲೂ ಇಲ್ಲ.

ಬ್ರಿಟನ್ನಿನಲ್ಲಿ ನವೆಂಬರ್ 11 ಮುಖ್ಯವಾಗಿ ಸತ್ತವರನ್ನು ನೆನೆಯುವ ದಿನವಾಗಿಯೇ ಉಳಿಯಿತು. ಅಮೆರಿಕದಲ್ಲಿ ಮಾತ್ರ ಅದು ಬೇರೆ ದಾರಿ ಹಿಡಿಯಿತು. ಅಲ್ಲಿ 1938ರಲ್ಲಿ ಕದನವಿರಾಮದ ದಿನ ಅಂತಲೇ ಅದಕ್ಕೆ ರಜೆ ಕೊಟ್ಟಿದ್ದರು. ಆಮೇಲೆ ಎರಡನೇ ಮಹಾಯುದ್ಧ ಬಂತು, ಕೊರಿಯಾ ಯುದ್ಧ ಬಂತು. ಹಳೇ ಹೆಸರಿನಲ್ಲಿ ಈ ಹೊಸಬರಿಗೆ ಜಾಗವೇ ಇರಲಿಲ್ಲ. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ರೇಮಂಡ್ ವೀಕ್ಸ್ ಅನ್ನುವ ಮಾಜಿ ಸೈನಿಕ 1947ರಲ್ಲಿ ತನ್ನ ಊರಿನಲ್ಲೇ ಎಲ್ಲ ಮಾಜಿ ಸೈನಿಕರಿಗೂ ಸೇರಿ ಮೆರವಣಿಗೆ ಶುರು ಮಾಡಿದ. 1953ರಲ್ಲಿ ಕಾನ್ಸಾಸ್‌ನ ಎಂಪೋರಿಯಾದಲ್ಲಿ ಶೂ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಆಲ್ವಿನ್ ಕಿಂಗ್ ಇದೇ ಮಾತು ಎತ್ತಿದ, ಊರಿನವರು ಜೊತೆ ನಿಂತರು, ಮಾತು ಅವರ ಸಂಸತ್ತಿನ ತನಕ ಹೋಯಿತು. 1954ರ ಜೂನ್ 1ರಂದು ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿ ದಿನದ ಹೆಸರನ್ನೇ ಬದಲಿಸಿದರು. ಸತ್ತವರನ್ನು ನೆನೆಯಲು ಅವರಿಗೆ ಮೇ ತಿಂಗಳಲ್ಲಿ ಬೇರೆ ದಿನ ಇದೆ. ನವೆಂಬರ್ 11 ಮುಖ್ಯವಾಗಿ ಬದುಕಿ ಬಂದವರಿಗೆ ಧನ್ಯವಾದ ಹೇಳುವ ದಿನ. ಒಬ್ಬ ಶೂ ರಿಪೇರಿಯವನಿಗೆ ಇದು ಹೊಳೆಯಿತು ಅನ್ನುವುದು ನನಗೆ ತುಂಬ ಹಿಡಿಸಿತು. ಅವನ ಅಂಗಡಿಗೆ ಎಷ್ಟು ಸೈನಿಕರ ಬೂಟು ಬಂದಿರಬೇಡ!

ನಮ್ಮ ಮಾಜಿ ಸೈನಿಕರಿಗೂ ನವೆಂಬರ್ ಒಂದು ಮುಖ್ಯ ತಿಂಗಳೇ, ಆದರೆ ಬೇರೆ ಕಾರಣಕ್ಕೆ. ಪಿಂಚಣಿ ತಗೊಳ್ಳುವವರ ಮನೆಯಲ್ಲಿ ಬೆಳೆದವರಿಗೆ ಇದು ಹೇಳಬೇಕಾಗಿಲ್ಲ. ಆ ತಿಂಗಳು ನಾನು ಇನ್ನೂ ಬದುಕಿದ್ದೇನೆ ಅಂತ ಪ್ರಮಾಣ ಕೊಡಬೇಕು. ಕೆಲವು ವರ್ಷಗಳ ಹಿಂದೆ ನಾನು ಚಿಕ್ಕಪ್ಪನ ಜೊತೆ ಹೋಗಿದ್ದೆ. ಬ್ಯಾಂಕಿನ ತುಂಬ ವಯಸ್ಸಾದವರು. ಚಿಕ್ಕಪ್ಪನ ಸರದಿ ಬಂತು. ಬೆರಳು ಇಡಿ ಅಂದರು. ಇಟ್ಟರು. ಯಂತ್ರ ತಗೊಳ್ಳಲಿಲ್ಲ. ಇನ್ನೊಂದು ಬೆರಳು. ಅದೂ ಇಲ್ಲ. ಶುಂಠಿ ಕಿತ್ತು, ಹೊಗೆಸೊಪ್ಪು ಮುರಿದು ಬೆರಳಿನ ಗೆರೆಗಳೆಲ್ಲ ಸವೆದು ಹೋಗಿದ್ದವು. ಹತ್ತೂ ಬೆರಳು ಆಯಿತು. ಕೌಂಟರಿನ ಹುಡುಗಿ ಪಾಪ, ಒಳ್ಳೆಯವಳು, ಟಿಶ್ಯೂ ಕೊಟ್ಟು ಒರೆಸಿ ನೋಡಿ ಅಂದಳು. ಅವಳ ಹಿಂದೆ ನಿಂತಿದ್ದ ಅಧಿಕಾರಿ ಮಾತ್ರ ಕಂಪ್ಯೂಟರಿನಿಂದ ಕಣ್ಣು ಎತ್ತದೆ, "ಮ್ಯಾಚ್ ಆಗ್ತಿಲ್ಲ, ನಾಳೆ ಬನ್ನಿ" ಅಂದರು. ಜೀವಂತ ಮನುಷ್ಯ ಎದುರಿಗೇ ನಿಂತಿದ್ದಾರೆ. ನಾನು ಜಗಳಕ್ಕೆ ಹೋಗುವವಳಿದ್ದೆ. ಚಿಕ್ಕಪ್ಪ ನನ್ನ ಕೈ ಹಿಡಿದು, "ಬಾ, ನಾಳೆ ಬರಾನ" ಅಂದರು. ಆದೇಶ ಕೇಳಿ ಅಭ್ಯಾಸ ಆದ ಆ ದನಿ ನನಗೆ ಇನ್ನೂ ಕೇಳಿಸುತ್ತದೆ.

2021ರಿಂದ ಮುಖ ತೋರಿಸಿದರೂ ಆಗುತ್ತದೆ, ಫೋನಿನಲ್ಲೇ. ಈಗ ಪ್ರತಿ ನವೆಂಬರ್ ನಾನೇ ಮಾಡಿಕೊಡುತ್ತೇನೆ. ಜಗಲಿಯಲ್ಲಿ ಬೆಳಕಿಗೆ ಎದುರಾಗಿ ಕೂರಿಸಿ ಫೋನ್ ಹಿಡಿಯುತ್ತೇನೆ. ಕಣ್ಣು ಮಿಟುಕಿಸಿ ಅಂತ ಅದು ಕೇಳುತ್ತದೆ. ಚಿಕ್ಕಪ್ಪ ಬೆನ್ನು ನೆಟ್ಟಗೆ ಮಾಡಿ, ಕೈ ತೊಡೆಯ ಮೇಲಿಟ್ಟು, ಒಂದು ಸಲ ನಿಧಾನವಾಗಿ ಕಣ್ಣು ಮುಚ್ಚಿ ತೆರೆಯುತ್ತಾರೆ. ಆಯಿತು, ಇನ್ನೊಂದು ವರ್ಷ ಬದುಕಿದ್ದಾರೆ.

ಕಲ್ಲು ಮತ್ತು ಮನುಷ್ಯ

ನಮ್ಮೂರ ಕೆರೆ ಏರಿಯ ಮೇಲೆ ಒಂದು ವೀರಗಲ್ಲು ಇದೆ. ನಿಮ್ಮೂರಿನಲ್ಲೂ ಇರುತ್ತದೆ. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವಲಿಂಗ, ಸೂರ್ಯ, ಚಂದ್ರ. ಊರಿನ ದನಗಳನ್ನು ಹೊಡೆದುಕೊಂಡು ಹೋದವರ ಬೆನ್ನು ಹತ್ತಿ ಸತ್ತವನಿಗೆ ನಿಲ್ಲಿಸಿದ ಕಲ್ಲಿರಬೇಕು, ಕೆಳಗೆ ಹಸುಗಳೂ ಇವೆ. ಸಂಕ್ರಾಂತಿಯ ದಿನ ಯಾರೋ ಅದಕ್ಕೂ ಅರಿಶಿನ ಕುಂಕುಮ ಹಚ್ಚಿ ಹೋಗಿದ್ದರು. ನನಗೆ ಆ ಕಲ್ಲನ್ನು ಕಂಡರೆ ಗೌರವ ಇದೆ. ಆದರೆ ಆವತ್ತು ಅದರ ಮುಂದೆ ನಿಂತಾಗ ಒಂದು ಯೋಚನೆ ಬಂತು. ಅವನ ಜೊತೆ ಹೋಗಿ ದನ ಬಿಡಿಸಿಕೊಂಡು ವಾಪಸ್ ಬಂದವರೂ ಇದ್ದಿರಬೇಕಲ್ವಾ? ದನಗಳಂತೂ ತಾವೇ ನಡೆದು ಬಂದಿರುವುದಿಲ್ಲ. ಹಾಗೆ ಬಂದವರಿಗೆ ಊರು ಏನು ಮಾಡಿತು?

ಅದಕ್ಕೆ ಉತ್ತರ ಕೊಡುವ ಒಂದು ಕಲ್ಲು ನಮ್ಮಲ್ಲಿ ಇದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಶಾಸನ, ಕ್ರಿ.ಶ. 949ರ ಕಾಲದ್ದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಗೆ ನಿಲ್ಲಿಸಿದ ವೀರಗಲ್ಲು ಅಂತ ಅದು ಹೆಸರಾಗಿದೆ, ಆದರೆ ಕತೆಯ ಮೊದಲ ಅರ್ಧ ನನಗೆ ಇನ್ನೂ ದೊಡ್ಡದು. ತಕ್ಕೋಲದಲ್ಲಿ ಚೋಳರ ಮೇಲೆ ನಡೆದ ಯುದ್ಧದಲ್ಲಿ ಗಂಗರ ದೊರೆ ಬೂತುಗನ ಕಡೆಯ ಮಣಲೆರ ಅನ್ನುವವನು ಚೆನ್ನಾಗಿ ಕಾದಾಡಿ ಜೀವ ಉಳಿಸಿಕೊಂಡು ಬರುತ್ತಾನೆ. ಮೆಚ್ಚಿದ ಬೂತುಗ ಏನು ಬೇಕು ಕೇಳು ಅನ್ನುತ್ತಾನೆ. ಮಣಲೆರ ಕೇಳುವುದು ಕಾಳಿ ಅನ್ನುವ ಬೇಟೆನಾಯಿಯನ್ನು. ಆಮೇಲೆ ಕಾಳಿ ಒಂದು ಕಾಡುಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ಆ ನಾಯಿಗಾಗಿ ಕಲ್ಲು ನಿಂತಿತು, ಪೂಜೆಗೆ ಅಂತ ಭೂಮಿಯನ್ನೂ ಬಿಟ್ಟರು.

ಸತ್ತ ಕಾಳಿಗೆ ಕಲ್ಲು. ಬದುಕಿ ಬಂದ ಮಣಲೆರನಿಗೆ ಒಂದು ಪ್ರಶ್ನೆ. ಅವನಿಗೆ ಇಂಥದ್ದು ಕೊಡಬೇಕು ಅಂತ ಬೂತುಗ ತಾನೇ ತೀರ್ಮಾನ ಮಾಡಲಿಲ್ಲ, ಕೇಳಿದ. ಬಂದ ಉತ್ತರವೋ ಯಾರೂ ಊಹಿಸಲಾರದ್ದು. ಭೂಮಿಯಲ್ಲ, ಪದವಿಯಲ್ಲ, ಒಂದು ನಾಯಿ. ಕೇಳದೇ ಇದ್ದರೆ ಅವನ ಮನಸ್ಸಿನಲ್ಲಿ ಆ ನಾಯಿ ಇತ್ತು ಅಂತ ಯಾರಿಗೂ ಗೊತ್ತಾಗುತ್ತಲೇ ಇರಲಿಲ್ಲ. ನಾವು ಮಾಜಿ ಸೈನಿಕರ ದಿನ ಭಾಷಣ ಮಾಡುತ್ತೇವೆ, ಶಾಲು ಹೊದಿಸುತ್ತೇವೆ, ಹಾರ ಹಾಕುತ್ತೇವೆ. ಅದೂ ಬೇಕು, ಬೇಡ ಅನ್ನುತ್ತಿಲ್ಲ. ಹಾಸನದಿಂದ ಬರುವಾಗ ಚಿಕ್ಕಪ್ಪನ ಕೈಯಲ್ಲಿ ಒಂದು ಶಾಲು ಇತ್ತು, ಅದನ್ನು ಅವರು ಎಷ್ಟು ಜೋಪಾನವಾಗಿ ಮಡಿಸಿ ಇಟ್ಟರು ಅಂತ ನೋಡಿದ್ದೇನೆ. ಆದರೆ ಮನೆಯಲ್ಲಿರುವ ನಾವು ಏನನ್ನಾದರೂ ಕೇಳಬಹುದಿತ್ತು ಅಲ್ವಾ.

ಇದು ಬರೀ ಹಳಬರ ವಿಷಯವೂ ಅಲ್ಲ. 2022ರಿಂದ ಅಗ್ನಿವೀರರಾಗಿ ಸೇರಿದವರಲ್ಲಿ ನೂರಕ್ಕೆ 75ರಷ್ಟು ಜನ ನಾಲ್ಕೇ ವರ್ಷಕ್ಕೆ ಹೊರಗೆ ಬರುತ್ತಾರೆ. ನಮ್ಮೂರಿನ ಸ್ಕೂಲ್ ಮೈದಾನದಲ್ಲಿ ಬೆಳಗಿನ ಜಾವ ಐದಕ್ಕೆ ಓಡುತ್ತಿದ್ದ ಇಬ್ಬರು ಹುಡುಗರು ಸೇರಿದ್ದಾರೆ. ವಾಪಸ್ ಬಂದರೆ ಅವರಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು ಇರುತ್ತದೆ. ಅವರನ್ನೂ ನಾವು ಯಾವ ಯುದ್ಧ ಅಂತಲೇ ಕೇಳುತ್ತೇವಾ?

ಎಣಿಕೆ

ಆವತ್ತು ಸಂಜೆ ಕಿಚ್ಚು ಹಾಯಿಸಿದರು. ಕೋಟು ಬಿಚ್ಚಿಟ್ಟು ಪಂಚೆ ಉಟ್ಟ ಚಿಕ್ಕಪ್ಪ ಹುಲ್ಲಿನ ಬೆಂಕಿಯ ಆಚೆ ಬದಿ ನಿಂತು, ಹಾರಿ ಬಂದ ಒಂದೊಂದು ದನವನ್ನೂ ಬಾಯಲ್ಲೇ ಎಣಿಸುತ್ತಿದ್ದರು. ಅವರು ಎಲ್ಲವನ್ನೂ ಎಣಿಸುತ್ತಾರೆ. ಮೆಟ್ಟಿಲು, ತೆಂಗಿನಕಾಯಿ, ಊಟಕ್ಕೆ ಕೂತವರು. ಚಿಕ್ಕಂದಿನಿಂದ ನೋಡಿದ್ದೇನೆ, ಯಾಕೆ ಅಂತ ಕೇಳಿರಲಿಲ್ಲ. ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಕೂತಾಗ ಕೇಳಿದೆ. ಯಾವ ಯುದ್ಧ ಅಂತಲ್ಲ. "ಚಿಕ್ಕಪ್ಪ, ಕೊನೇ ವರ್ಷ ನೀವು ಏನು ಕೆಲಸ ಮಾಡ್ತಿದ್ರಿ?"

ಅವರು ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು. 2001ರ ಡಿಸೆಂಬರ್‌ನಲ್ಲಿ ಸಂಸತ್ ಭವನದ ಮೇಲೆ ದಾಳಿ ಆದ ಮೇಲೆ ಸೇನೆ ಗಡಿಗೆ ಹೋಯಿತಲ್ಲ, ಆಪರೇಷನ್ ಪರಾಕ್ರಮ. ಗಡಿಯುದ್ದಕ್ಕೂ ನೆಲಬಾಂಬ್ ಹೂತರು. ಯುದ್ಧ ಆಗಲೇ ಇಲ್ಲ. 2002ರ ಅಕ್ಟೋಬರ್‌ನಲ್ಲಿ ಸೇನೆ ವಾಪಸ್ ಹೊರಟಿತು. ಪೇಪರಿನವರಿಗೆ ಅಲ್ಲಿಗೆ ಮುಗಿಯಿತು. ಸ್ಯಾಪರ್‌ಗಳಿಗೆ ಆಗ ಶುರುವಾಯಿತು, ಹೂತದ್ದನ್ನೆಲ್ಲ ತೆಗೆಯಬೇಕಲ್ಲ. ಇವರ ತುಕಡಿ ರಾಜಸ್ಥಾನದ ಗಂಗಾನಗರದ ಕಡೆ ಇತ್ತು. ಯಾವ ಹೊಲದಲ್ಲಿ ಎಷ್ಟು ಸಾಲು, ಸಾಲಿಗೆ ಎಷ್ಟು ಅಂತ ಕಾಗದದ ಮೇಲೆ ಲೆಕ್ಕ ಇರುತ್ತದೆ. ಒಬ್ಬೊಬ್ಬನಿಗೆ ಒಂದೊಂದು ಸಾಲು. ಹೊಟ್ಟೆಯ ಮೇಲೆ ಮಲಗಿ, ಕಬ್ಬಿಣದ ಸಣ್ಣ ಕಡ್ಡಿಯನ್ನು ಓರೆಯಾಗಿ ಚುಚ್ಚುತ್ತಾ, ಗೇಣು ಗೇಣು ಮುಂದೆ ಹೋಗಬೇಕು. ನೇರ ಚುಚ್ಚಿದರೆ ಮುಗಿಯಿತು. ತೆಗೆದದ್ದು ಮತ್ತು ಹೂತದ್ದು ತಾಳೆ ಆಗುವ ತನಕ ಹೊಲ ಬಿಟ್ಟುಕೊಡುವ ಹಾಗಿಲ್ಲ. "ಮರಳು ಕಣವ್ವ, ಗಾಳಿ ಬಂದ್ರೆ ಸಾಲೇ ಜರುಗ್ತದೆ. ನಾವ್ ಇಟ್ಟಿದ್ದು ಒಂದ್ ಕಡೆ, ಅದು ಇರೋದು ಒಂದ್ ಕಡೆ."

ಒಂದು ಹೊಲದಲ್ಲಿ ಒಂದು ಕಡಿಮೆ ಬಂತಂತೆ. ಒಂದೇ ಒಂದು. ಮೂರು ದಿನ ಹುಡುಕಿದರು. ಆ ಹೊಲದ ರೈತ ಮುಳ್ಳುತಂತಿಯ ಆಚೆ ದಿನಾ ಬಂದು ಕೂರುತ್ತಿದ್ದ. ಗೋಧಿ ಬಿತ್ತನೆಗೆ ಹೊತ್ತು ಮೀರುತ್ತಿತ್ತು, ಹಿಂದಿನ ವರ್ಷದ ಬೆಳೆಯೂ ಹೋಗಿತ್ತು. ಅವನು ಮಾತಾಡುತ್ತಿರಲಿಲ್ಲ, ಇವರು ಎಣಿಸುವಾಗ ಅವನೂ ಬೆರಳು ಮಡಿಸುತ್ತಾ ಎಣಿಸುತ್ತಿದ್ದ. ಮೂರನೇ ದಿನ ಸಂಜೆ ಅದು ಸಿಕ್ಕಿತು. ಬೇಲಿಯ ಬುಡದಲ್ಲಿ, ಇರಬೇಕಾದ ಆಳಕ್ಕಿಂತ ಒಂದು ಮೊಳ ಕೆಳಗೆ. ಲೆಕ್ಕ ತಾಳೆ ಆಯಿತು. ತಂತಿ ಬಿಚ್ಚಿದರು. ಸಾಹೇಬರು ರೈತನಿಗೆ ಹೋಗಪ್ಪ, ಉಳು ಅಂದರು.

ಅವನು ಹೋಗಲಿಲ್ಲ. ತನ್ನದೇ ಹೊಲದ ಅಂಚಿನಲ್ಲಿ ನಿಂತುಬಿಟ್ಟ. ಕಾಲು ಎತ್ತಲು ಆಗುತ್ತಿಲ್ಲ. ಅವನ ಪಕ್ಕದ ಹಳ್ಳಿಯಲ್ಲಿ ಒಂದು ಒಂಟೆಯೂ ಒಬ್ಬ ಹುಡುಗನೂ ಹೋ​ಗಿದ್ದರಂತೆ. ಆಗ ಇವರ ಹವಾಲ್ದಾರ್, ತಮಿಳಿನವರು, ಏನೂ ಹೇಳದೆ ಎಲ್ಲರನ್ನೂ ಕರೆದು ಸಾಲಾಗಿ ನಿಲ್ಲಿಸಿದರು. ಹದಿನೆಂಟು ಜನ. ಭುಜಕ್ಕೆ ಭುಜ ತಾಗುವಷ್ಟು ಹತ್ತಿರ. ಹಾಗೇ ಹೊಲದ ಈ ತುದಿಯಿಂದ ಆ ತುದಿಗೆ ನಡೆದರು, ಜರುಗಿ ವಾಪಸ್ ನಡೆದರು, ಒಂದು ಹೆಜ್ಜೆಯಷ್ಟು ಜಾಗವೂ ಬಿಡದ ಹಾಗೆ. ಕತ್ತಲಾಗುವ ತನಕ. ಆಮೇಲೆ ರೈತ ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಒಳಗೆ ಬಂದ.

"ಭಯ ಆಗ್ಲಿಲ್ವಾ?" ಅಂದೆ.

"ಎಣಿಸಿದ್ವಲ್ಲ" ಅಂದರು ಚಿಕ್ಕಪ್ಪ.

ಚಿಕ್ಕಮ್ಮ ಬಾಗಿಲಿಗೆ ಒರಗಿಕೊಂಡು ಯಾವಾಗಿನಿಂದ ಕೇಳುತ್ತಿದ್ದರೋ ಗೊತ್ತಿಲ್ಲ. ಕೈಯಲ್ಲಿ ಒರೆಸುವ ಬಟ್ಟೆ ಹಾಗೇ ಇತ್ತು. ಮದುವೆಯಾಗಿ ಮೂವತ್ತು ವರ್ಷ ದಾಟಿದೆ ಅವರಿಗೆ. ಒಳಗೆ ಹೋಗುವವರು ತಿರುಗಿ ನಿಂತು ಕೇಳಿದರು.

"ಆ ಸಾಲಲ್ಲಿ ನೀವು ಎಷ್ಟನೆಯವ್ರು?"

"ಎಡಗಡೆಯಿಂದ ನಾಲ್ಕನೆಯವನು" ಅಂದರು.